ಅಣ್ಣನ ಎದೆಯ ಪಂಪು

ಶಹಾಪುರದಲ್ಲಿ ಅಣ್ಣನಿಗೆ ಹತ್ತಿಯ ಜಿನ್ನಿಂಗ್ ಮಿಲ್ ಇತ್ತು. ಅಂಗಳ ದಾಟಿದರೂ ಏದುಸಿರು ಬರುವಷ್ಟು ಹೃದಯ ಸೋತಾಗ ಹೈದರಾಬಾದಿನ ವೈದ್ಯರು, ಬೇರೆ ಹೃದಯ ಸಿಗುವವರೆಗೆ ರಕ್ತ ಹರಿಸುವ ಪಂಪು ಕೂರಿಸುವುದೊಂದೇ ದಾರಿ ಎಂದರು. ಅವನು ಮಿಲ್ ಮಾರಿದ. ತಮ್ಮನಾದ ನನಗೆ ಹೇಳಿದ್ದು ಮಾರಿದ ಮೇಲೆ.

ಪಂಪು ಎದೆಯೊಳಗೆ. ಅದರ ವೈರು ಹೊಟ್ಟೆಯ ಚರ್ಮದಿಂದ ಹೊರಬಂದು ಸೊಂಟದ ಪೆಟ್ಟಿಗೆಗೆ ಸೇರುತ್ತಿತ್ತು. ಹೆಗಲ ಚೀಲದಲ್ಲಿ ಬ್ಯಾಟರಿಗಳು. ಅವುಗಳನ್ನು ಬದಲಿಸುವುದನ್ನೂ ವೈರಿನ ಗಾಯಕ್ಕೆ ಪಟ್ಟಿ ಹಾಕುವುದನ್ನೂ ಅಣ್ಣನ ಹೆಂಡತಿ, ನಮ್ಮ ವೈನಿ, ಆಸ್ಪತ್ರೆಯಲ್ಲೇ ಕಲಿತುಕೊಂಡಳು.

ಅವರಿಬ್ಬರೂ ಸುರಪುರದ ನಮ್ಮ ಮನೆಯಲ್ಲೇ ಇರಲು ಬಂದಾಗ ಅವ್ವ ಅಣ್ಣನ ಮುಂಗೈ ಹಿಡಿದಳು. ಪಂಪು ರಕ್ತವನ್ನು ಒಂದೇ ಸಮನೆ ಹರಿಸುತ್ತದೆ, ನಾಡಿ ಕೈಗೆ ಸಿಗುವುದಿಲ್ಲ ಎಂದು ನಾನು ಮೊದಲೇ ಹೇಳಿದ್ದೆ. ಆದರೂ ಹುಡುಕಿದಳು. ಆಮೇಲೆ ಅಡುಗೆಮನೆಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

"ಸತ್ತೋರನ್ನ ಮುಟ್ಟಿದಂಗಾತೇನೋ ಅಕೀಗಿ?" ಎಂದು ಅಣ್ಣ ಕೇಳಿದ. ನಗಲು ನೋಡಿದ, ಆಗಲಿಲ್ಲ.

ಬೇಸಿಗೆ ಬಂತು. ಬೆವರಿಗೆ ಪಟ್ಟಿ ನಿಲ್ಲುತ್ತಿರಲಿಲ್ಲ. ಕರೆಂಟು ಹೋದಾಗಲೆಲ್ಲ ವೈನಿ ಮಾತು ನಿಲ್ಲಿಸಿ ಇನ್ವರ್ಟರ್ ಕಡೆ ನೋಡುವಳು. ಅಣ್ಣ ಮೈಮೇಲೆ ನೀರು ಸುರಿದುಕೊಳ್ಳುವಂತಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳಬೇಕು. "ತಲಿ ಮ್ಯಾಲ ಒಂದ್ ತಂಬಿಗಿ ನೀರು ಹಾಕ್ಕೊಂಡು ಸತ್ರೂ ಚಲೋ," ಎಂದು ಅವನು ಒಮ್ಮೆ ಸಿಟ್ಟಿನಲ್ಲಿ ಅಂದಿದ್ದ. ವೈರಿನ ಗಾಯದಲ್ಲಿ ಕೀವು ತುಂಬಿತು. ಅದು ಮಾಯುವ ತನಕ ಬೇರೆ ಹೃದಯದ ಮಾತೇ ಬೇಡ ಎಂದರು ವೈದ್ಯರು.

ಒಂದು ಮುಂಜಾನೆ ರೊಟ್ಟಿ ಮುರಿಯುತ್ತಿದ್ದ ಅವನ ಕೈ ತಾಟಿಗೆ ಬಿತ್ತು. ಬಾಯಿ ಒಂದು ಕಡೆ ಸೊಟ್ಟಗಾಯಿತು. ಯಾದಗಿರಿಯ ಮೇಲೆ ಹೈದರಾಬಾದಿಗೆ ಆಂಬುಲೆನ್ಸಿನಲ್ಲಿ ಒಯ್ದೆವು. ರಕ್ತ ತೆಳುವಾಗಿರಲೆಂದು ಕೊಡುತ್ತಿದ್ದ ಗುಳಿಗೆಯಿಂದಲೋ ಏನೋ, ಮಿದುಳಿನೊಳಗೆ ರಕ್ತಸ್ರಾವವಾಗಿತ್ತು. ಅಣ್ಣ ಕಣ್ಣು ತೆರೆಯಲೇ ಇಲ್ಲ.

ಮಿದುಳು ಪೂರ್ತಿ ನಿಂತಿದೆ, ಪಂಪು ಮಾತ್ರ ತಿರುಗುತ್ತಿದೆ, ಅದನ್ನು ನಿಲ್ಲಿಸಲು ಮನೆಯವರ ಒಪ್ಪಿಗೆ ಬೇಕು ಎಂದು ವೈದ್ಯರು ವೈನಿಗೆ ಮೆಲ್ಲಗೆ ತಿಳಿಸಿದರು.

"ದಿನಾ ಬ್ಯಾಟರಿ ಹಾಕ್ದಾಕಿ ನಾನು," ಎಂದಳು ವೈನಿ. "ಈಗ ತಗೀರಿ ಅಂತ ನನ್ನ ಬಾಯ್ಲೆ ಹೆಂಗ ಹೇಳ್ಲಿ?"

ವೈದ್ಯರು ನನ್ನತ್ತ ತಿರುಗಿದರು. ನಾನು ಹೂಂ ಎಂದೆ.

ನರ್ಸ್ ಮೊದಲು ಪೆಟ್ಟಿಗೆ ಕೂಗದಂತೆ ಅಲಾರಂ ಬಂದ್ ಮಾಡಿದಳು, ಆಮೇಲೆ ಬ್ಯಾಟರಿ ತೆಗೆದಳು. ವೈನಿ ಅಣ್ಣನ ಎದೆಯ ಮೇಲೆ ಕಿವಿಯಿಟ್ಟಿದ್ದಳು. ಒಳಗಿನ ಗುಂಯ್‌ಗುಡುವ ಸದ್ದು ನಿಂತದ್ದು ಅವಳ ಮುಖದಲ್ಲೇ ನನಗೆ ತಿಳಿಯಿತು.

ಮಣ್ಣು ಮಾಡಿ, ದಿನಕರ್ಮ ಮುಗಿದು, ನಂಟರೆಲ್ಲ ಹೋದ ಮೇಲೆ ಅವಳು ನನ್ನೆದುರು ಕುಳಿತು ಕೇಳಿದಳು: "ಅಷ್ಟ ಲಗೂನ ಯಾಕ ಹೂಂ ಅಂದ್ರಿ ನೀವು?"

ನಾನು ಅವಳೆದುರೇ ಕುಳಿತೆ. ಅವಳೂ ಎದ್ದು ಹೋಗಲಿಲ್ಲ.