ಅಕ್ಕನ ಮುಂದಿನ ಜೋಡಿ

ಓಡಲು ಶುರು ಮಾಡಿದ ಮೊದಲ ವಾರವೇ ನಾನು ಅರ್ಧ ಅಂಗಡಿ ಖಾಲಿ ಮಾಡಿದ್ದೆ. ಎದೆಬಡಿತ ಎಣಿಸುವ ವಾಚು, ನೀರಿನ ಬಾಟಲಿ ಸಿಕ್ಕಿಸುವ ಬೆಲ್ಟು, ಬೆವರು ಹೀರುವ ಟೀ ಶರ್ಟು, ಕಪ್ಪು ಕನ್ನಡಕ, ಮಂಡಿಗೆ ಪಟ್ಟಿ. ಮಂಡಿ ಇನ್ನೂ ನೋಯಲು ಶುರುವಾಗಿರಲೇ ಇಲ್ಲ. ಬೀದಿ ತುದಿಗೆ ಓಡಿ, ಏದುಸಿರು ಬಿಡುತ್ತ ವಾಚು ನೋಡಿಕೊಂಡು ನಿಂತಿದ್ದ ನನ್ನನ್ನು ಕಂಡು ಅಕ್ಕ, "ಏನಪ್ಪಾ ಮದುಮಗ, ದಿಬ್ಬಣ ಎಲ್ಲಿಗೆ?" ಎಂದಳು.

ಅಕ್ಕ ಆಸ್ಪತ್ರೆಯಲ್ಲಿ ಹಾಸಿಗೆ ಚಾದರಗಳಿಗೆ ಇಸ್ತ್ರಿ ಹಾಕುವವಳು. ದಿನವಿಡೀ ಬಿಸಿ ಉಗಿಯಲ್ಲಿ ನಿಂತು ಬಂದು, ಮತ್ತೆ ಅದೇ ಕಾಲಿನಲ್ಲಿ ನದಿ ದಂಡೆಯ ಉದ್ದಕ್ಕೂ ಓಡುತ್ತಿದ್ದಳು. ಮೈಮೇಲೆ ನನ್ನದೇ ಹಳೆಯ ಅಂಗಿ, ತೋಳು ಕತ್ತರಿಸಿದ್ದು. ವಾಚು ಗೀಚು ಏನೂ ಇಲ್ಲ. ಶೂ ವಿಷಯಕ್ಕೆ ಮಾತ್ರ ಕೈ ಬಿಗಿ ಹಿಡಿದವಳಲ್ಲ. "ನೆಲ ಮುಟ್ಟೋದು ಇದೊಂದೇ ಕಣೋ. ನಿನ್ನ ಕನ್ನಡಕ ಮುಟ್ಟುತ್ತಾ?" ಎನ್ನುತ್ತಿದ್ದಳು. ಒಂದು ಜೋಡಿ ಪೂರ್ತಿ ಸವೆಯುವ ಮೊದಲೇ ಇನ್ನೊಂದು ತಂದು, ವಾರವಿಡೀ ಅಡುಗೆಮನೆಯಲ್ಲಿ ಹಾಕಿಕೊಂಡು ಓಡಾಡಿ ಕಾಲಿಗೆ ಒಗ್ಗಿಸುತ್ತಿದ್ದಳು. ಒರೆಸಿದ ನೆಲ ಹಾಳಾಯಿತೆಂದು ಅಮ್ಮ ಗೊಣಗುತ್ತಿದ್ದಳು.

ಆಮೇಲೆ ಅವಳಿಗೆ ರಕ್ತದ ಕಾಯಿಲೆ ಬಂತು. ಹಾಳು ಕಾಯಿಲೆ, ನನ್ನಂಥ ಸೋಮಾರಿಯನ್ನು ಬಿಟ್ಟು ಅವಳನ್ನೇ ಹಿಡಿಯಿತು. ಮೊದಲ ಸುತ್ತಿನ ಚಿಕಿತ್ಸೆ ಮುಗಿಸಿ ಬರುವಾಗ ಅವಳು ಆಟೋವನ್ನು ಶೂ ಅಂಗಡಿಯ ಮುಂದೆ ನಿಲ್ಲಿಸಿದಳು. ಮನೆಗೆ ಬಂದು ಡಬ್ಬಿಯನ್ನು ಅಮ್ಮನ ಕೈಗಿಟ್ಟು, "ಮುಂದಿನ ಜೋಡಿ," ಎಂದಳು. ಬಹಳ ದಿನಗಳ ಮೇಲೆ ಅಮ್ಮ ಅವತ್ತು ಹೊಟ್ಟೆ ತುಂಬ ಉಂಡಳು. ನನಗೂ ಹೋದ ಜೀವ ಬಂದಂತಾಯಿತು. ಓಡುವ ಭರವಸೆ ಇಲ್ಲದವಳು ಅಷ್ಟು ದುಡ್ಡು ಸುರಿಯುತ್ತಾಳೆಯೇ? ಡಬ್ಬಿ ಮಂಚದ ಕೆಳಗೆ ಹೋಯಿತು.

ಎದ್ದು ಕೂರುವುದೂ ಕಷ್ಟವಾದ ಮೇಲೆ ಒಂದು ಮಧ್ಯಾಹ್ನ ಅವಳು ನನ್ನ ಕೈಯಲ್ಲಿ ಆ ಡಬ್ಬಿ ತೆಗೆಸಿದಳು.

"ಅಂಗಡಿಗೆ ತಗೊಂಡು ಹೋಗಿ ನಿನ್ನ ಅಳತೆಗೆ ಬದಲಾಯಿಸ್ಕೋ."

ನನಗೆ ರೇಗಿತು. "ನಿನ್ನ ಶೂ ನೀನೇ ಹಾಕ್ಕೊಂಡು ಓಡು. ಇಷ್ಟು ದಿನ ಆದ್ಮೇಲೆ ಯಾರು ವಾಪಸ್ ತಗೋತಾರೆ?"

"ತಗೋತಾರೆ. ಅಡಿ ಕೊಳೆಯಾಗಿರಬಾರದು ಅಷ್ಟೇ. ಕೊಂಡಾಗಲೇ ಕೇಳಿದ್ದೆ. ಅದಕ್ಕೇ ಮನೆಯೊಳಗೂ ಹಾಕ್ಕೊಳ್ಳಲಿಲ್ಲ."

ಕೊಂಡಾಗಲೇ! ಈ ಸಲ ಅಡುಗೆಮನೆಯಲ್ಲಿ ಹೆಜ್ಜೆ ಸದ್ದು ಕೇಳಿಸಿರಲಿಲ್ಲ ಎಂಬುದು ನನ್ನ ದಡ್ಡ ತಲೆಗೆ ಆಗ ಹೊಳೆಯಿತು. ಅಮ್ಮ ಒಂದು ತುತ್ತು ಉಣ್ಣಲಿ ಎಂದು ಕೊಂಡ ಶೂ ಅದು. ನಾನು ಗೋಡೆ ಕಡೆ ತಿರುಗಿ ಅತ್ತೆ.

ಅಂಗಡಿಯವನು ಅಡಿ ತಿರುಗಿಸಿ ನೋಡಿ, ಮರುಮಾತಿಲ್ಲದೆ ಬದಲಾಯಿಸಿ ಕೊಟ್ಟ. ಹೊಸ ಜೋಡಿ ಹಾಕಿಕೊಂಡು ನಾನು ಅಡುಗೆಮನೆಯಲ್ಲಿ ಅತ್ತಿಂದಿತ್ತ ನಡೆದೆ. ಅಮ್ಮ ಗೊಣಗಲಿಲ್ಲ. ಅಕ್ಕ ಮಲಗಿದ್ದಲ್ಲಿಂದಲೇ ಕಿವಿಗೊಟ್ಟು, "ಹಿಮ್ಮಡಿ ಬಡೀತಿದ್ದೀಯ, ದಂಡಪಿಂಡ. ಲೇಸು ಬಿಗಿ ಮಾಡ್ಕೋ," ಎಂದಳು. ದಿನವೂ ನಡೆದೆ, ದಿನವೂ ಬೈಸಿಕೊಂಡೆ. ಬರಬರುತ್ತ ಅವಳ ದನಿ ಸಣ್ಣದಾಯಿತು.

ಅವಳು ಹೋದ ಮೇಲೆ ಒಂದು ಬೆಳಿಗ್ಗೆ ವಾಚು, ಬೆಲ್ಟು ಎಲ್ಲ ಬಿಟ್ಟು, ಶೂ ಮಾತ್ರ ಕಟ್ಟಿಕೊಂಡು ಓಡಲು ಹೊರಟೆ. ಬಾಗಿಲವರೆಗೆ ಬೇಕೆಂದೇ ಹಿಮ್ಮಡಿ ಬಡಿದು ನಡೆದೆ. ಒಳಗಿನಿಂದ ಯಾರೂ ಬೈಯಲಿಲ್ಲ.