ಬೀಗವಿಲ್ಲದ ಆರ್ಕಿಡ್ ಮನೆ

ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿಯ ಹೆಂಡತಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹೋಗಲಿ ಬಿಡು ಎನ್ನುವವರ ಮೇಲೂ ಇದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಸಾಂತಾಕ್ರೂಜಿನ ನಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿ ಆರ್ಕಿಡ್‌ಗಳಿಗೊಂದು ಗ್ರೀನ್‌ಹೌಸ್ ಕಟ್ಟುವ ಹುಚ್ಚು ನನಗೆ ಹಿಡಿಯಿತು. ನಾನು ಓದಿದ ಪುಸ್ತಕಗಳಲ್ಲಿದ್ದವೆಲ್ಲ ಗಾಜಿನ ಮನೆಗಳು. ಮುಂಬಯಿಯ ಮೇ ತಿಂಗಳಲ್ಲಿ ಗಾಜಿನೊಳಗೆ ಗಿಡ ಬೆಂದು ಪಲ್ಯವಾಗುತ್ತದೆ. ನಾನೇ ನಕ್ಷೆ ಬರೆದೆ. ಬಿದಿರಿನ ಚೌಕಟ್ಟು, ಸಂದು ಬಿಟ್ಟು ಪಟ್ಟಿ ಹೊಡೆದ ಚಾವಣಿ, ಮಳೆಗಾಲಕ್ಕೆ ಅದರ ಮೇಲೆ ಇಳಿಜಾರಾಗಿ ಪ್ಲಾಸ್ಟಿಕ್, ಸಂಜೆಯ ಬಿಸಿಲು ಬೀಳುವ ಕಡೆ ಒದ್ದೆ ಗೋಣಿ, ನೆಲದಲ್ಲಿ ತೇವ ನಿಲ್ಲಲು ಇಟ್ಟಿಗೆ ಚೂರು. ಕುಂಡಗಳಿಗೆ ಮಣ್ಣಲ್ಲ, ಇದ್ದಿಲು ಮತ್ತು ತೆಂಗಿನ ನಾರು. "ಗಿಡಾ ಬೆಳಸ್ತೀಯೋ, ಒಲಿ ಹಚ್ತೀಯೋ?" ಎಂದು ಗಂಡ ಗೇಲಿ ಮಾಡಿದರು, ಆದರೂ ಬಿದಿರು ಹೊತ್ತು ಮೇಲೆ ತಂದವರು ಅವರೇ.

ಸೆಕ್ರೆಟರಿ ನಮ್ಮ ಧಾರವಾಡದ ಕಡೆಯವರು. ಒಂದೇ ಶರತ್ತು ಹಾಕಿದರು. "ಟೆರೇಸ್ ಎಲ್ಲಾರದ್ದು ಐತ್ರಿ. ಕಟ್ಕೋರಿ, ಆದ್ರ ಕೀಲಿ ಹಾಕೂಹಂಗಿಲ್ಲ." ಒಪ್ಪಿಕೊಂಡೆ. ಹಪ್ಪಳ ಒಣಗಿಸಲು ಬರುವ ಮಂದಿಗೆ ಇದ್ದಿಲಿನ ಕುಂಡ ಏತಕ್ಕೆ ಬೇಕು ಎಂದುಕೊಂಡೆ.

ಮೂರನೆಯ ವರ್ಷ ಒಂದು ಗಿಡ ಹೂದಂಟು ಬಿಟ್ಟಿತು, ಮೊಟ್ಟಮೊದಲನೆಯದು. ಅದು ಅರಳುವುದನ್ನು ಕಣ್ಣಾರೆ ನೋಡುವುದೊಂದೇ ನನಗೆ ಬೇಕಿದ್ದದ್ದು. ಮುಡಿಯುವ ಆಸೆಯಿರಲಿಲ್ಲ, ಯಾರಿಗೂ ತೋರಿಸುವ ಆಸೆಯೂ ಇರಲಿಲ್ಲ. ಸಂಜೆ ಫೋರ್ಟ್ ಏರಿಯಾದ ಆಫೀಸಿನಿಂದ ಬಂದವಳು ಮನೆಗೆ ಹೋಗದೆ ನೇರ ಟೆರೇಸಿಗೆ ಹತ್ತುತ್ತಿದ್ದೆ. ಒಂದು ಸಂಜೆ, ಇನ್ನೇನು ನಾಳೆ ಅರಳುತ್ತದೆ ಎನ್ನಿಸಿ ಮರುದಿನ ಬೆಳಿಗ್ಗೆ ಹೋದರೆ, ದಂಟಿನ ಬುಡದಲ್ಲಿ ಉಗುರಿನಿಂದ ಚಿವುಟಿದ ಗುರುತಷ್ಟೇ ಇತ್ತು.

ಯಾರೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಬೆಳಗಾದರೆ ಪೂಜೆಗೆಂದು ಬಿಲ್ಡಿಂಗಿನ ದಾಸವಾಳ, ಕಣಗಿಲೆಗಳನ್ನೆಲ್ಲ ಬೋಳಿಸುವವರು ಸೆಕ್ರೆಟರಿಯ ಹೆಂಡತಿ. ಹೋಗಿ ಕದ ಬಡಿದೆ. ಒಳಗೆ ದೇವರ ಗೂಡಿನಲ್ಲಿ, ಗಣಪತಿಯ ತಲೆಯ ಮೇಲೆ ನನ್ನ ಹೂದಂಟು. ಎರಡು ಹೂವು ಆಗಲೇ ಅರಳಿದ್ದವು.

"ದೇವ್ರಿಗೆ ಏರಿಸೀನ್ರಿ, ನಾನೇನ್ ತಲ್ಯಾಗ ಮುಡಕೊಂಡಿಲ್ಲ," ಎಂದರು, ತಪ್ಪು ನನ್ನದೇ ಎಂಬಂತೆ.

"ವಾಪಸ್ ಕೊಡ್ರಿ," ಎಂದೆ.

"ಏರಿಸಿದ ಹೂವು ಈಗ ತಗಿಯಾಕ ಬರಂಗಿಲ್ರಿ. ನಾಳೆ ಮುಂಜಾನೆ ಒಯ್ರಿ."

ಕದಿಯುವಾಗ ಇಲ್ಲದ ಶಾಸ್ತ್ರ ಕೊಡುವಾಗ ನೆನಪಾಗಿತ್ತು. ನನಗೋ, ಮೈಯೆಲ್ಲ ಉರಿಯುತ್ತಿದ್ದರೂ ದೇವರ ತಲೆಗೆ ಕೈ ಹಾಕುವ ಧೈರ್ಯ ಬರಲಿಲ್ಲ. ಆದರೆ ಮನೆಗೂ ಹೋಗಲಿಲ್ಲ. ಆ ಗೂಡಿನ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟೆ. ಆಫೀಸಿನ ಲೋಕಲ್ ರೈಲು ತಪ್ಪಿತು, ತಪ್ಪಲಿ. ಸೆಕ್ರೆಟರಿ ನನ್ನ ಪಕ್ಕದಿಂದ ಸುತ್ತಿ ಬಂದು ದೇವರಿಗೆ ಕೈಮುಗಿದು ಕೆಲಸಕ್ಕೆ ಹೋದರು. ಮಧ್ಯಾಹ್ನದ ಹೊತ್ತಿಗೆ ಮೂರನೆಯ ಮೊಗ್ಗಿನ ತುದಿ ಬಿರಿಯಿತು. ನೇರಳೆ ಎಸಳುಗಳು ಒಂದೊಂದಾಗಿ ಹಿಂದಕ್ಕೆ ಬಾಗುವುದನ್ನು ಅಲ್ಲಿಯೇ ಕುಳಿತು ನೋಡಿದೆ.

ಸೆಕ್ರೆಟರಿಯ ಹೆಂಡತಿ ಚಹಾ ತಂದಿಟ್ಟರು. "ನಿಮಗ ದೇವ್ರ ಮ್ಯಾಲೆ ಇಷ್ಟ ಭಕ್ತಿ ಐತಿ ಅಂತ ಗೊತ್ತಿರ್ಲಿಲ್ಲ ನೋಡ್ರಿ," ಎಂದರು.

ನಾನು ಚಹಾ ಮುಟ್ಟಲಿಲ್ಲ.