ನಾಗಮ್ಮ ಅಳೆದ ಹುಣಸೆಮರ

ಶಹಾಬಜಾರಿನಿಂದ ತಂದ ಸೀಮೆಸುಣ್ಣದ ಡಬ್ಬಿಯನ್ನು ಮೊಮ್ಮಗಳು ಬಿಚ್ಚಿದಳು. ನಾಳೆ ಶಾಲೆ ಶುರು, ಅವಳು ಹೊಸ ಟೀಚರು. ಆ ಒಣ ವಾಸನೆ ನನ್ನನ್ನು ಸೀದಾ ಕಮಲಾಪುರಕ್ಕೆ ಕರೆದೊಯ್ದಿತು. ಜೂನ್ ಬಂದರೆ ನನ್ನ ಕಾಲುಗಳು ಇಂದಿಗೂ ಶಾಲೆಯ ಕಡೆಗೇ ತಿರುಗುತ್ತವೆ. ನಿಮಗೂ ಹಾಗೆಯೇ ಏನೋ.

ಪೊಲೀಸ್ ಕಾರ್ಯಾಚರಣೆಯಲ್ಲಿ ನಿಜಾಮನ ಆಳ್ವಿಕೆ ಮುಗಿದು, ಮದರಸಾ ಎನ್ನುತ್ತಿದ್ದ ಉರ್ದು ಶಾಲೆಗಳಲ್ಲಿ ಕನ್ನಡ ತರಗತಿಗಳು ಶುರುವಾದ ಕಾಲವದು. ಉರ್ದುವಿನಲ್ಲೇ ಗಣಿತ ಕಲಿತಿದ್ದ ನನ್ನನ್ನು ಕನ್ನಡದಲ್ಲಿ ಲೆಕ್ಕ ಕಲಿಸುವ ಮಾಸ್ತರನನ್ನಾಗಿ ಕಮಲಾಪುರದ ಶಾಲೆಗೆ ಕಳಿಸಿದರು. ಗುಣಾಕಾರ ಎನ್ನಲು ಹೋಗಿ ‘ಜರಬ್’ ಎನ್ನುತ್ತಿದ್ದೆ, ಮಕ್ಕಳೇ ತಿದ್ದುತ್ತಿದ್ದರು.

ಮೊದಲ ದಿನವೇ ನೋಡಿದೆ: ಕೂಲಿಯವರ ಮಗಳು ನಾಗಮ್ಮನನ್ನು ಜಾತಿಯ ಕಾರಣಕ್ಕೆ ಹೆಡ್‌ಮಾಸ್ತರರು ಬಾಗಿಲಾಚೆ ಕೂರಿಸಿದ್ದರು. ಅವರಿಗೆ ಎದುರು ಹೇಳುವ ಧೈರ್ಯ ನನಗಿರಲಿಲ್ಲ.

“ಒಳಗ ಭಾಳ ಧಗಿ ಅದ. ಎಲ್ಲಾರೂ ಹೊರಗ ನಡೀರಿ” ಎಂದು ಇಡೀ ತರಗತಿಯನ್ನೇ ಹುಣಸೆಮರದ ಕೆಳಗೆ ಕರೆದೊಯ್ದೆ. ಅಂದಿನಿಂದ ನಮ್ಮ ಲೆಕ್ಕವೆಲ್ಲ ಬಾವಿ, ಬಾಳೆತೋಟ, ಬಯಲಿನಲ್ಲೇ.

ಒಂದು ದಿನ ಶಾಲಾ ಇನ್‌ಸ್ಪೆಕ್ಟರ್ ಸಾಹೇಬರು ಹೆಡ್‌ಮಾಸ್ತರರೊಂದಿಗೆ ತಪಾಸಣೆಗೆ ಬಂದರು.

“ಇದೇನ್ರೀ ಮಾಸ್ತರ, ಮದರಸಾನೋ, ದನಾ ಕಾಯೋ ಜಾಗಾನೋ? ನಾಳಿಂದ ಇದೆಲ್ಲಾ ಬಂದ್!”

ಆಗ ನಾಗಮ್ಮ ಎದ್ದು ನಿಂತಳು.

“ಸಾಹೇಬ್ರ, ಈ ಗಿಡ ಎಷ್ಟ್ ಎತ್ತರ ಅದ, ಹತ್ತಲಾರದೇ ಹೇಳ್ತೀನ್ರಿ.”

ಎರಡು ಮೊಳದ ಕೋಲನ್ನು ನೆಟ್ಟಗೆ ನಿಲ್ಲಿಸಿದಳು. ಅದರ ನೆರಳು ಒಂದು ಮೊಳ. ಮರದ ನೆರಳನ್ನು ಮೊಳಕೈಯಿಂದ ಅಳೆಯುತ್ತ ಹೋದಳು, ಹತ್ತಾಯಿತು.

“ಇಪ್ಪತ್ತು ಮೊಳ ರೀ.”

ಸಾಹೇಬರು ಜವಾನನನ್ನು ಮರ ಹತ್ತಿಸಿ ಹಗ್ಗ ಇಳಿಬಿಡಿಸಿ, ಅದನ್ನು ಅವಳ ಕೋಲಿನಿಂದಲೇ ಅಳೆಸಿದರು. ವ್ಯತ್ಯಾಸ ಬಂದದ್ದು ಅರ್ಧ ಮೊಳ!

“ಶಾಬಾಸ್! ಕ್ಲಾಸಿನಾಗ ಎಲ್ಲಿ ಕೂಡ್ತಿ?”

“ಇಲ್ಲಿ ಎಲ್ಲಾರ ಜೋಡಿ ಕೂಡ್ತೀನ್ರಿ. ಒಳಗ ಪಾಠ ಇದ್ರ, ಬಾಗಿಲ ಹೊರಗ.”

ಹೆಡ್‌ಮಾಸ್ತರರು ನೆಲ ನೋಡಿದರು. ಸಾಹೇಬರು ನಾಗಮ್ಮನ ಕೈ ಹಿಡಿದು ಒಳಗೆ ಕರೆದೊಯ್ದು, ಮೊದಲ ಸಾಲಿನಲ್ಲಿ ಕೂರಿಸಿದರು. ಬಯಲ ಪಾಠವನ್ನು ಮತ್ತೆಂದೂ ಯಾರೂ ತಡೆಯಲಿಲ್ಲ. ನನ್ನ ಎದೆ ಉಬ್ಬಿದ್ದು ಇನ್ನೂ ಇಳಿದಿಲ್ಲ.

ಇಷ್ಟು ವರ್ಷ ಇದನ್ನು ನನ್ನ ಜಾಣತನದ ಕಥೆಯೆಂದೇ ಹೇಳಿಕೊಂಡು ಬಂದಿದ್ದೆ. ಇಂದು ಮೊಮ್ಮಗಳಿಗೆ ಹೇಳುವಾಗ ಇದು ನಾಗಮ್ಮನ ಕಥೆಯೆಂದು ಹೊಳೆಯಿತು. ನಾನು ಧಗೆಯ ನೆಪ ಹೇಳಿ ಸುತ್ತಿ ಬಳಸಿದ್ದನ್ನು ಆ ಹುಡುಗಿ ನೇರವಾಗಿ ಹೇಳಿದ್ದಳು.

“ಅವರು ಈಗ ಎಲ್ಲಿದ್ದಾರ ಅಜ್ಜಾ?”

“ಇಲ್ಲೇ, ಶರಣಬಸವೇಶ್ವರ ಗುಡಿ ಹಿಂದ. ದೊಡ್ಡ ಟೀಚರ್ ಆಗಿ ರಿಟೈರ್ ಆಗ್ಯಾರ. ಚಪ್ಪಲಿ ಹಾಕ್ಕೋ ನಡಿ. ನಾಳಿ ಮಕ್ಕಳ ಮುಂದ ನಿಲ್ಲೋಕಿಂತ ಮೊದಲು ಅವರನ್ನ ನೋಡಿ ಬರೂಣು.”